ಫೋಟೋದ ಕೋಳಿಜುಟ್ಟು

ಸ್ಟುಡಿಯೋ ಸೊಸೆಗೆ ಆ ಬೇಸಿಗೆಯಲ್ಲಿ ಹೂವಿನ ಹುಚ್ಚು ಹತ್ತಿದ್ದು ಒಂದು ಜಗಳದಿಂದ. ಜಗಳ ಅವಳದ್ದಲ್ಲ, ಗಿರಾಕಿಗಳದ್ದು.

ಪೇಟೆಬೀದಿಯ ಮೂಲೆಯ ಕಟ್ಟಡದಲ್ಲಿ ಕೆಳಗೆ ಬೀಗ ರಿಪೇರಿ ಅಂಗಡಿ, ಮೊದಲ ಮಹಡಿಯಲ್ಲಿ ಸ್ಟುಡಿಯೋ, ಅದರ ಮೇಲೆ ಮನೆ, ಮನೆಯ ಮೇಲೆ ತಾರಸಿ. ಸ್ಟುಡಿಯೋವನ್ನು ಕಟ್ಟಿ ಬೆಳೆಸಿದವರು ಮಾವ. ಈಗ ಕ್ಯಾಮೆರಾ ಹಿಡಿಯುವುದು ಸೊಸೆ. ಗಂಡನಿಗೆ ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ಫೋಟೋಕ್ಕೂ ಅವನಿಗೂ ಇದ್ದ ನಂಟು ಎಂದರೆ, ಯಾವ ಫೋಟೋದಲ್ಲಿ ನಿಂತರೂ ಅವನ ಕಣ್ಣು ಮುಚ್ಚಿರುತ್ತಿತ್ತು. ಹಾಗಾಗಿ ಬೀದಿಗೆಲ್ಲ ಅವಳೇ ‘ಸ್ಟುಡಿಯೋ ಸೊಸೆ’.

ಒಂದು ಬೆಳಿಗ್ಗೆ ಅಂಚೆಯಣ್ಣ ಮತ್ತು ಟೀಚರಮ್ಮ ಮೆಟ್ಟಿಲು ಹತ್ತಿ ಬಂದರು. ಮೂವತ್ತೈದು ವರ್ಷ ಅಂಚೆ ಹಂಚಿ ನಿವೃತ್ತರಾದವರು ಅವರು, ಅಷ್ಟೇ ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು ಇವರು. ಟೀಚರಮ್ಮ ಚೀಲದಿಂದ ಚೌಕಟ್ಟು ಹಾಕಿದ ಕಪ್ಪುಬಿಳುಪು ಫೋಟೋ ತೆಗೆದು ಮೇಜಿನ ಮೇಲಿಟ್ಟರು.

“ಮದುವೆಯಾದ ವಾರಕ್ಕೆ ಇಲ್ಲೇ ತೆಗೆಸಿದ್ದು. ಇನ್ನು ನಾಲ್ಕು ತಿಂಗಳಿಗೆ ನಲವತ್ತು ವರ್ಷ ತುಂಬುತ್ತೆ. ಇದೇ ಥರ ಇನ್ನೊಂದು ತೆಗೀಬೇಕಮ್ಮ. ಇದೇ ಕುರ್ಚಿ, ಇದೇ ನಿಲುವು, ಕೈಯಲ್ಲಿ ಇದೇ ಹಳದಿ ಹೂವಿನ ಗುಚ್ಛ.”

“ಕೆಂಪು,” ಎಂದರು ಅಂಚೆಯಣ್ಣ.

“ಏನ್ ಕೆಂಪು?”

“ಹೂವು. ಕೆಂಪಗಿತ್ತು.”

“ಗುಚ್ಛ ಹಿಡ್ಕೊಂಡಿದ್ದು ನಾನು!”

“ಪಕ್ಕದಲ್ಲಿ ನಿಂತು ನೋಡಿದ್ದು ನಾನು. ನೀನು ಕ್ಯಾಮೆರಾ ನೋಡ್ತಿದ್ದೆ.”

ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಸೊಸೆ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು. ಟೀಚರಮ್ಮನ ಮಡಿಲಲ್ಲಿ ದಪ್ಪ ದಪ್ಪ ಹೂಗಳು, ಹುಂಜದ ಜುಟ್ಟಿನಂತೆ ಮಡಿಕೆ ಮಡಿಕೆಯಾಗಿ ಸುಕ್ಕುಗಟ್ಟಿದಂಥವು. ಕೋಳಿಜುಟ್ಟು ಹೂ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಬಣ್ಣ? ಫೋಟೋದಲ್ಲಿ ಅದು ಬೂದಿ, ಅಷ್ಟೆ. ಚೆಂದದ, ನಯವಾದ ಬೂದಿ.

“ಮಾವ ಇದಾರಲ್ಲ, ಕೇಳಿ ಇಡ್ತೀನಿ,” ಎಂದು ಅವರನ್ನು ಸಮಾಧಾನ ಮಾಡಿ ಕಳಿಸಿದಳು.

ಮಾವ ಮೇಲೆ ಕಿಟಕಿಯ ಪಕ್ಕ ಕೂತು ಹಳೆಯ ಲೆನ್ಸೊಂದನ್ನು ಒರೆಸುತ್ತಿದ್ದರು. ಅವಳು ಕೇಳಿದಾಗ ಕತ್ತೆತ್ತಲಿಲ್ಲ. “ಆ ಗುಚ್ಛಾನಾ? ನಿಮ್ಮತ್ತೆ ಮಾಡ್ತಿದ್ದಳು. ದೀಪದ ಕಾವಿಗೆ ಹಸಿ ಹೂವು ಹತ್ತು ನಿಮಿಷ ನಿಲ್ತಿರಲಿಲ್ಲ, ಅದಕ್ಕೆ ಒಣಗಿಸಿದ್ದು. ತಾರಸಿ ಮೇಲೆ ತಾನೇ ಬೆಳೀತಿದ್ದಳು.”

“ಬಣ್ಣ ಯಾವುದು ಮಾವ?”

“ಹೂವಿನ ಬಣ್ಣ.”

“ಅಂದ್ರೆ?”

“ಅಂದ್ರೆ... ಹೂವಿಗೆ ಇರಬೇಕಾದ ಬಣ್ಣ.” ಲೆನ್ಸನ್ನು ಮತ್ತೊಮ್ಮೆ ಒರೆಸಿದರು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

ಇದೇನು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರಲ್ಲ ಎಂದುಕೊಂಡಳು ಸೊಸೆ. ಕೆಳಗಿಳಿದು ಬೀಗದ ಅಂಗಡಿಯವನನ್ನು ಕೇಳಿದಳು. ಅವನು ಎದ್ದು ಗೋಡೆಯ ಮೇಲಿದ್ದ ತನ್ನ ಅಪ್ಪ ಅಮ್ಮನ ಫೋಟೋ ತೋರಿಸಿ, “ನೀಲಿ. ಸಾಕ್ಷಿ ಇಲ್ಲೇ ಇದೆ ನೋಡಿ,” ಎಂದ. ಕಪ್ಪುಬಿಳುಪಿನ ಮೇಲೆ ಕುಂಚದಿಂದ ಬಣ್ಣ ತುಂಬಿದ ಫೋಟೋ ಅದು. ಹೂವು ನಿಜಕ್ಕೂ ನೀಲಿಯಾಗಿತ್ತು. ಕೋಳಿಜುಟ್ಟು ಎಲ್ಲಾದರೂ ನೀಲಿ ಇರುತ್ತದೆಯೇ?

ಮರುದಿನ ಟೀಚರಮ್ಮ ತಮ್ಮ ಅಕ್ಕನ ಫೋಟೋ ಹೊತ್ತು ತಂದರು. ಅದರಲ್ಲಿ ಹೂವು ಹಳದಿ. ಮಧ್ಯಾಹ್ನ ಅಂಚೆಯಣ್ಣ, ಹೆಂಡತಿಗೆ ತಿಳಿಯದಂತೆ, ಗೆಳೆಯನೊಬ್ಬನ ಫೋಟೋ ತಂದು ತೋರಿಸಿದರು; ಅದರಲ್ಲಿ ಕೆಂಪು. ಸೊಸೆ ಮೂರನ್ನೂ ಸಾಲಾಗಿ ಇಟ್ಟು ಗಲ್ಲಕ್ಕೆ ಕೈ ಕೊಟ್ಟು ಕೂತಳು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಪರಾಂಬರಿಸಿದ ಮೇಲೆ ಗುಟ್ಟು ಬಯಲಾಯಿತು. ಬೀಗದವನ ಅಮ್ಮ ಉಟ್ಟಿದ್ದು ನೀಲಿ, ಟೀಚರಮ್ಮನ ಅಕ್ಕ ಉಟ್ಟಿದ್ದು ಹಳದಿ, ಗೆಳೆಯನ ಹೆಂಡತಿ ಉಟ್ಟಿದ್ದು ಕೆಂಪು. ಬಣ್ಣ ತುಂಬಿದ ಕೈ, ಬಟ್ಟೆಗೆ ತಕ್ಕ ಹಾಗೆ ಹೂವಿಗೂ ಬಣ್ಣ ಕೊಟ್ಟಿತ್ತು. ಬೀದಿಯ ಅರ್ಧ ಮನೆಗಳಲ್ಲಿ ಒಂದೇ ಗುಚ್ಛ, ಮನೆಗೊಂದು ಬಣ್ಣ.

ಬಣ್ಣ ತುಂಬುತ್ತಿದ್ದವರೂ ಅತ್ತೆಯೇ. ಸೊಸೆ ಅವರನ್ನು ಕಂಡವಳಲ್ಲ. ಅವಳು ಈ ಮನೆ ತುಂಬುವ ಎರಡು ವರ್ಷ ಮೊದಲೇ ಅವರು ತೀರಿಕೊಂಡಿದ್ದರು. ಈ ಹತ್ತು ವರ್ಷದಲ್ಲಿ ಅತ್ತೆ ಎಂದರೆ ಅವಳಿಗೆ ಗೋಡೆಯ ಮೇಲಿನ ಒಂದು ಮುಖ, ಅಷ್ಟೆ. ಈಗ ಮೊದಲ ಸಲ ಆ ಮುಖದ ಹಿಂದೆ ಒಂದು ಕೈ ಕಂಡಂತಾಯಿತು. ತಲೆಯೊಳಗೆ ಹುಳ ಹೊಕ್ಕಿತು.

ಡಾರ್ಕ್‌ರೂಮಿನ ಬಾಗಿಲು ತೆಗೆದದ್ದು ಆ ಹುಳದ ದೆಸೆಯಿಂದ. ಕಂಪ್ಯೂಟರ್ ಬಂದ ಮೇಲೆ ಅಲ್ಲಿಗೆ ಯಾರೂ ಕಾಲಿಡುತ್ತಿರಲಿಲ್ಲ. ಕಿಟಕಿಯಿಲ್ಲದ ಕೋಣೆ, ಮೇಲೊಂದು ಗಾಳಿ ಎಳೆಯುವ ಫ್ಯಾನು, ಗೋಡೆಯಿಂದ ಗೋಡೆಗೆ ಕಟ್ಟಿದ ತಂತಿಗಳು, ಒದ್ದೆ ಫೋಟೋ ನೇತುಹಾಕುತ್ತಿದ್ದ ಕ್ಲಿಪ್ಪುಗಳು. ಮೂಲೆಯ ಪೆಟ್ಟಿಗೆಯಲ್ಲಿ ಗುಚ್ಛ ಸಿಕ್ಕಿತು, ಅಥವಾ ಅದರಲ್ಲಿ ಉಳಿದದ್ದು: ತಂತಿ ಸುತ್ತಿದ ಕಡ್ಡಿಗಳು, ಹುಳ ತಿಂದು ಬಿಟ್ಟ ಹುಲ್ಲುಬಣ್ಣದ ಹೊಟ್ಟು. ಮುಟ್ಟಿದರೆ ಉದುರಿತು. ಅದರ ಕೆಳಗೆ ಫಿಲ್ಮ್ ರೋಲಿನ ಕರಿ ಡಬ್ಬಿ ಒಂದಿತ್ತು. ಅಲುಗಿಸಿದರೆ ಸರಸರ ಎಂದಿತು.

ಮುಚ್ಚಳ ಬಿಗಿಯಾಗಿತ್ತು. ಒಳಗೆ ಲೆನ್ಸಿನ ಪೆಟ್ಟಿಗೆಗಳಲ್ಲಿ ಇಡುವಂಥ, ತೇವ ಹೀರುವ ಹರಳಿನ ಪೊಟ್ಟಣ. ಅದರ ಸುತ್ತ ಸಾಸಿವೆಗಿಂತ ಸಣ್ಣ, ಮಿರಿಮಿರಿ ಮಿಂಚುವ ಕಪ್ಪು ಬೀಜಗಳು. ಜೊತೆಗೊಂದು ಚೀಟಿ. ದುಂಡನೆಯ ಅಕ್ಷರದಲ್ಲಿ ಮೂರೇ ಮಾತು:

‘ಜುಟ್ಟು. ಮಸುಕಿನದು ಮಾತ್ರ. ಹೊಳೆಯುವುದನ್ನು ಕಿತ್ತುಹಾಕುವುದು.’

ಸೊಸೆ ಚೀಟಿಯನ್ನು ಹತ್ತು ಸಲ ಓದಿದಳು. ಹೂವು ಬೆಳೆಯುವವರು ಯಾರಾದರೂ ಹೊಳೆಯುವುದನ್ನು ಕಿತ್ತು ಮಸುಕಿನದನ್ನು ಇಟ್ಟುಕೊಳ್ಳುತ್ತಾರೆಯೇ? ಗಂಡನಿಗೆ ತೋರಿಸಿದರೆ, “ಅಮ್ಮನಿಗೆ ಏನೋ ಲೆಕ್ಕ ಇರುತ್ತಿತ್ತು. ನಮಗೆ ಹೇಳ್ತಿರಲಿಲ್ಲ,” ಎಂದು ಹಲ್ಲುಜ್ಜಲು ಹೋದ. ಹೂವಿನ ಬಣ್ಣ ಅವನಿಗೂ ನೆನಪಿರಲಿಲ್ಲ. ತಾರಸಿಯಲ್ಲಿ ಗಾಳಿಪಟದ ದಾರ ಆ ಗಿಡಗಳಿಗೆ ಸಿಕ್ಕಿಕೊಂಡು ಬೈಸಿಕೊಂಡದ್ದು ಮಾತ್ರ ನೆನಪಿತ್ತಂತೆ.

ಕೇಳಿ ಪ್ರಯೋಜನವಿಲ್ಲ, ಬೆಳೆದೇ ನೋಡಬೇಕು ಎಂದು ನಿರ್ಧರಿಸಿದಳು.

ಫೋಟೋ ತೊಳೆಯುವ ಪ್ಲಾಸ್ಟಿಕ್ ತಟ್ಟೆಯೊಂದು ಹೊಸದಾಗಿಯೇ ಉಳಿದಿತ್ತು. ಅದಕ್ಕೆ ತೂತು ಕೊರೆದು, ಸೋಸಿದ ಮಣ್ಣು ತುಂಬಿ, ಎಣಿಸಿ ಅರವತ್ತು ಬೀಜ ಚೆಲ್ಲಿ, ಮೇಲೆ ಕಂಡೂ ಕಾಣದಷ್ಟು ಮಣ್ಣು ಉದುರಿಸಿ ತಾರಸಿಯಲ್ಲಿಟ್ಟಳು. ಒಂದು ವಾರ ಏನೂ ಇಲ್ಲ. ಹತ್ತನೆಯ ದಿನ ಏನೂ ಇಲ್ಲ. ಹದಿಮೂರು ವರ್ಷದ ಬೀಜ, ಸತ್ತಿರಬೇಕು ಎಂದು ತಟ್ಟೆ ಎತ್ತಲು ಬಗ್ಗಿದ ಹನ್ನೆರಡನೆಯ ಬೆಳಿಗ್ಗೆ, ಮಣ್ಣಿನ ಮೇಲೆ ಎರಡು ಕೆಂಪು ಕೂದಲೆಳೆಗಳು ಬಾಗಿ ನಿಂತಿದ್ದವು. ಇನ್ನೂ ನಾಲ್ಕು ದಿನದಲ್ಲಿ ಒಂಬತ್ತಾದವು. ಎರಡನ್ನು ಗುಬ್ಬಿ ತಿಂದಿತು. ಉಳಿದ ಏಳನ್ನು ಒಂದೊಂದು ಬಕೆಟ್ಟಿನಲ್ಲಿ ನೆಟ್ಟಳು.

ಆಮೇಲೆ ಬಂತು ನಿಜವಾದ ಬೇಸಿಗೆ. ತಾರಸಿ ಕಾದ ಹೆಂಚಾಯಿತು; ಚಪ್ಪಲಿ ಇಲ್ಲದೆ ಕಾಲಿಡುವಂತಿರಲಿಲ್ಲ. ಅವಳು ಜೋಪಾನ ಮಾಡಿದ್ದ ಗುಲಾಬಿಗಳ ಮೊಗ್ಗು ಅರಳುವ ಮೊದಲೇ ಸುಟ್ಟ ಕಾಗದದಂತಾದವು. ನೆರಳಿಗೆ ಬಟ್ಟೆ ಕಟ್ಟಿದರೂ ಪ್ರಯೋಜನವಾಗಲಿಲ್ಲ. ಈ ಏಳು ಮಾತ್ರ, ಬಿಸಿಲು ಏರಿದಷ್ಟೂ, ಯಾರೋ ಜುಟ್ಟು ಹಿಡಿದು ಮೇಲಕ್ಕೆ ಎಳೆಯುತ್ತಿದ್ದಾರೋ ಎಂಬಂತೆ ಬೆಳೆದವು. ಮಧ್ಯಾಹ್ನ ಎಲೆಗಳು ಕಿವಿ ಜೋಲಿಸುವುದು, ಸಂಜೆ ಒಂದು ಚೊಂಬು ನೀರು ಕುಡಿದು ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುವುದು. ನಡುವೆ ನಾಲ್ಕು ದಿನ ಮೋಡ ಕವಿದು ತಂಪಾದಾಗ ಮುನಿಸಿಕೊಂಡು ಕೂತವು, ಮತ್ತೆ ಬಿಸಿಲು ಬಂದ ಮೇಲೆಯೇ ಮುನಿಸು ಬಿಟ್ಟದ್ದು.

“ನಿಮ್ಮ ಗಿಡಕ್ಕೆ ಬುದ್ಧಿ ತಲೆಕೆಳಗಾಗಿದೆ,” ಎಂದ ಬೀಗದವನು. ಬೀದಿಗೆಲ್ಲ ಸುದ್ದಿ ಹಬ್ಬಿತ್ತು. ಅಂಚೆಯಣ್ಣ ವಾರಕ್ಕೊಮ್ಮೆ, ಟೀಚರಮ್ಮ ವಾರಕ್ಕೆರಡು ಸಲ ತಾರಸಿ ಹತ್ತಿ ಬಂದು, ಇನ್ನೂ ಬಣ್ಣ ಬಂದಿಲ್ಲವೇ ಎಂದು ನೋಡಿ ಹೋಗುತ್ತಿದ್ದರು.

ಹತ್ತನೆಯ ವಾರ ಬಣ್ಣ ಬಂತು. ಒಂದಲ್ಲ, ಮೂರು.

ಎರಡು ಗಿಡ ಕೆಂಡದಂಥ ಕೆಂಪು. ಒಂದು ಎಳೆ ಹಸಿರು. ನಾಲ್ಕು ಗಿಡಗಳದ್ದು ಯಾರೂ ಹೇಳದ ಬಣ್ಣ. ಒಣ ಈರುಳ್ಳಿಯ ಮೇಲಿನ ಸಿಪ್ಪೆಯಂಥದ್ದು, ತಿಕ್ಕದೆ ಬಿಟ್ಟ ತಾಮ್ರದ ಪಾತ್ರೆಯಂಥದ್ದು. ದೂರದಿಂದ ನೋಡಿದರೆ ಕಣ್ಣಿಗೇ ಬೀಳದು. ಹತ್ತಿರ ಹೋದರೆ ಮಾತ್ರ ಅದರ ಮಡಿಕೆಗಳ ಒಳಗೊಂದು ಗುಲಾಬಿ ಛಾಯೆ, ಅಂಚಿನಲ್ಲೊಂದು ಕೆನೆಯ ಗೆರೆ.

‘ಮಸುಕಿನದು ಮಾತ್ರ.’ ಇದೇ ಇರಬೇಕು. ಹಾಗಾದರೆ ಚೀಟಿಯ ಪ್ರಕಾರ ಕೆಂಪು ಎರಡನ್ನೂ ಕಿತ್ತುಹಾಕಬೇಕು. ಸೊಸೆಗೆ ಕೈ ಬರಲಿಲ್ಲ. ಇಡೀ ತಾರಸಿಯಲ್ಲಿ ಚೆಂದ ಎಂದರೆ ಅವೇ. ಯಾಕೆ ಕೀಳಬೇಕು ಎಂದು ಗೊತ್ತಾಗುವವರೆಗೆ ಕೀಳಲಾರೆ ಎಂದುಕೊಂಡಳು.

ಬೆಳಗಿನ ಬಿಸಿಲು ಏರುವ ಮುನ್ನ ಕೆಂಪಿನದೊಂದು, ಹಸಿರಿನದೊಂದು, ಮಸುಕಿನದೊಂದು ಕಡ್ಡಿ ಕತ್ತರಿಸಿ ಕೆಳಗೆ ತಂದು ನೀರಿನ ಲೋಟದಲ್ಲಿಟ್ಟಳು. ಮಾವ ಚಹಾ ಕುಡಿಯುತ್ತಿದ್ದರು.

“ಮಾವ, ಅತ್ತೆ ಬೆಳೀತಿದ್ದಿದ್ದು ಇದರಲ್ಲಿ ಯಾವುದು? ಎತ್ತಿ ಕೊಡಿ.”

ಮಾವ ಲೋಟವನ್ನು ಬಹಳ ಹೊತ್ತು ನೋಡಿದರು. ಮೊದಲು ಕೆಂಪನ್ನು ಬದಿಗೆ ಸರಿಸಿದರು. “ಈ ಕರಿದು ಅಲ್ಲ,” ಎಂದರು. ಆಮೇಲೆ ಉಳಿದ ಎರಡನ್ನೂ ಒಟ್ಟಿಗೆ ಎತ್ತಿ ಅವಳ ಕೈಗಿತ್ತರು. “ಇವು.”

ಅವಳ ಒಂದು ಕೈಯಲ್ಲಿ ತಾಮ್ರ, ಇನ್ನೊಂದು ಕೈಯಲ್ಲಿ ಹಸಿರು.

“ಎರಡೂನಾ?”

“ಎರಡೂ ಒಂದೇ ಅಲ್ವಾ?”

ಸೊಸೆ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕೆಂಡದಂಥ ಕೆಂಪನ್ನು ‘ಕರಿದು’ ಎಂದರು. ಎಲೆಯಂಥ ಹಸಿರನ್ನೂ ಈರುಳ್ಳಿ ಸಿಪ್ಪೆಯನ್ನೂ ಒಂದೇ ಎಂದರು. ಹತ್ತು ವರ್ಷದಿಂದ ಕಂಡ ಸಣ್ಣ ಸಣ್ಣ ಸಂಗತಿಗಳು ಒಂದೊಂದಾಗಿ ನೆನಪಿಗೆ ಬಂದವು. ಹಣ್ಣು ಕೊಳ್ಳುವಾಗ ಮಾವ ಒತ್ತಿ ನೋಡುತ್ತಿದ್ದರೇ ಹೊರತು ಬಣ್ಣ ನೋಡುತ್ತಿರಲಿಲ್ಲ. ಅಂಗಿ ತೆಗೆಯಲು ಹೋದರೆ ಬಿಳಿಯದನ್ನೇ ಕೇಳುತ್ತಿದ್ದರು. ಬಣ್ಣದ ಫಿಲ್ಮು ಬಂದ ಕಾಲದಲ್ಲಿ ಊರಿನ ಸ್ಟುಡಿಯೋಗಳೆಲ್ಲ ಬದಲಾದರೂ ಇವರು ಕಪ್ಪುಬಿಳುಪು ಬಿಡಲೇ ಇಲ್ಲವಂತೆ. ಹಟಮಾರಿ ಎಂದು ಎಲ್ಲರೂ ಅಂದುಕೊಂಡಿದ್ದರು.

ಅವಳ ಮುಖ ನೋಡಿಯೇ ಮಾವನಿಗೆ ತಿಳಿಯಿತು. ಚಹಾದ ಲೋಟ ಕೆಳಗಿಟ್ಟು, “ತಪ್ಪು ಹೇಳಿದ್ನಾ?” ಎಂದರು ಮೆಲ್ಲಗೆ.

“ಒಂದು ಹಸಿರು ಮಾವ.”

“ಓಹೋ.” ಬದಿಗಿಟ್ಟ ಕೆಂಪು ಕಡ್ಡಿಯನ್ನು ಮತ್ತೆ ನೀರಿಗೆ ಹಾಕಿದರು. ಆಮೇಲೆ ಎದ್ದು ಪಂಚೆಯ ತುದಿ ಸರಿಮಾಡಿಕೊಂಡರು. “ಬಾ. ಆ ಮೂರನ್ನೂ ತಗೊಂಡು ಬಾ. ನಿನಗೊಂದು ತೋರಿಸ್ತೀನಿ.”

ಬೀರುವಿನ ತಳದಿಂದ ಮರದ ದೊಡ್ಡ ಕ್ಯಾಮೆರಾ ಹೊರಬಂತು. ಡಾರ್ಕ್‌ರೂಮಿನ ಕಪಾಟಿನಿಂದ ಫೋಟೋ ಕಾಗದದ ಹಳೆಯ ಕಟ್ಟು, ಒಡೆಯದ ರಸಾಯನದ ಪೊಟ್ಟಣ. ಫಿಲ್ಮಿನ ಬದಲು ಕಾಗದವನ್ನೇ ಕ್ಯಾಮೆರಾದೊಳಗೆ ಸೇರಿಸಿ, ಮೂರು ಹೂವನ್ನೂ ಕಿಟಕಿಯ ಬೆಳಕಿಗೆ ನಿಲ್ಲಿಸಿ, ಮಾವ ಲೆನ್ಸಿನ ಮುಚ್ಚಳ ತೆಗೆದು ಬಾಯಲ್ಲೇ ಇಪ್ಪತ್ತು ಎಣಿಸಿ ಮುಚ್ಚಿದರು. ಆ ಹೊತ್ತಿನಲ್ಲಿ ಅವರ ಬೆನ್ನು ಹತ್ತು ವರ್ಷದ ಹಿಂದಿನಂತೆ ನೆಟ್ಟಗಾಗಿತ್ತು.

ಡಾರ್ಕ್‌ರೂಮಿನ ಬಾಗಿಲು ಹಾಕಿ ಕೆಂಪು ಬಲ್ಬು ಹಚ್ಚಿದರು. ಸೊಸೆಗೆ ಆ ಬೆಳಕಿನಲ್ಲಿ ಎಲ್ಲವೂ ಒಂದೇ ಬಣ್ಣವಾಗಿ ಕಂಡಿತು: ಮಾವನ ಕೈ, ಗೋಡೆ, ನೀರು, ತನ್ನ ಬಟ್ಟೆ.

“ಇಲ್ಲಿ ಎಲ್ಲರ ಕಣ್ಣೂ ನನ್ನ ಕಣ್ಣೇ,” ಎಂದು ಮಾವ ನಕ್ಕರು. ಕಾಗದವನ್ನು ತಟ್ಟೆಗೆ ಜಾರಿಸಿ ಮೆಲ್ಲಗೆ ತೂಗಿದರು. ನಿಧಾನವಾಗಿ ಕಾಗದದ ಮೇಲೆ ಹೂಗಳು ಮೂಡತೊಡಗಿದವು. ಮಸುಕಿನದರ ಒಂದೊಂದು ಮಡಿಕೆಯೂ ಬಂತು. ಹಸಿರಿನದೂ ಬಂತು. ಮೂರನೆಯದರ ಜಾಗ ಖಾಲಿಯಾಗಿಯೇ ಉಳಿಯಿತು. ಹೂವಿನ ಆಕಾರದ ಒಂದು ಬೋಳು ಕಾಗದ, ಅಷ್ಟೆ.

“ಕೆಂಪು ಎಲ್ಲಿ ಮಾವ?”

“ಈ ಕಾಗದಕ್ಕೆ ಕೆಂಪು ಕಾಣಲ್ಲ ಕಣಮ್ಮ. ಅದಕ್ಕೇ ಕೆಂಪು ಬಲ್ಬು ಹಚ್ಚಿದರೂ ಇದು ಕೆಡಲ್ಲ. ಆ ಕಾಲದ ಫಿಲ್ಮೂ ಹೀಗೇ ಇತ್ತು. ಇದು ನೆಗೆಟಿವ್; ಇದರಿಂದ ಫೋಟೋ ಮಾಡಿದರೆ ಇಲ್ಲಿ ಬಿಳಿ ಉಳಿದಿದ್ದು ಅಲ್ಲಿ ಕಪ್ಪಾಗಿ, ಕೆಂಪು ಹೂವು ಮಸಿ ಮುದ್ದೆ ಥರ ಬರ್ತಿತ್ತು. ಹೆಣ್ಣುಮಕ್ಕಳು ಮಡಿಲಲ್ಲಿ ಇದ್ದಿಲು ಇಟ್ಟುಕೊಂಡು ಕೂತ ಹಾಗೆ! ಬೈದು ಹೋಗೋರು.”

“ಅದಕ್ಕೇ ಅತ್ತೆ...”

“ಅದಕ್ಕೇ ಅವಳು ಪ್ರತಿ ವರ್ಷ ಹೊಳೆಯೋದನ್ನ ಕಿತ್ತಳು. ಮಸುಕಿನದರ ಬೀಜ ಇಟ್ಟಳು. ಹದಿನೈದು, ಹದಿನಾರು ಬೇಸಿಗೆ. ಕಪ್ಪೂ ಅಲ್ಲದ, ಬಿಳಿಯೂ ಅಲ್ಲದ, ಮಡಿಕೆ ಎಣಿಸೋ ಹಾಗೆ ಬರೋ ಹೂವು ಬೇಕಿತ್ತು ಅವಳಿಗೆ. ಮೇಲೆ ಯಾವ ಬಣ್ಣ ಹಚ್ಚಿದರೂ ಕೂರಬೇಕಿತ್ತು. ನನ್ನ ಕ್ಯಾಮೆರಾಗೆ ಅಂತ ಒಂದು ಹೂವು ಮಾಡಿಕೊಟ್ಟಳು. ಅದು ಯಾವ ಬಣ್ಣ ಅಂತ ಮಾತ್ರ ನಾನು ಕೇಳಲಿಲ್ಲ. ಕೇಳಿ ಏನು ಮಾಡೋದು?”

ಕಾಗದವನ್ನು ಎತ್ತಿ ತೊಟ್ಟಿಕ್ಕಿಸುತ್ತ ಹೇಳಿದರು: “ಈ ಕಾಗದಕ್ಕೆ ಕೆಂಪು ಕಾಣಲ್ಲ, ನನಗೆ ಕಡುಗೆಂಪು ಕಪ್ಪಾಗಿ ಕಾಣುತ್ತೆ, ಉಳಿದ ಕೆಂಪು ಹಸಿರು ಬೇರೆ ಬೇರೆ ಕಾಣಲ್ಲ. ಹುಟ್ಟಿದಾಗಿನಿಂದ. ಮದುವೆಯಾದ ಎಂಟೇ ದಿನದಲ್ಲಿ ನಿಮ್ಮತ್ತೆಗೆ ಗೊತ್ತಾಯ್ತು. ಒಂದು ಕಾಲಿಗೆ ಹಸಿರು, ಒಂದು ಕಾಲಿಗೆ ಕಂದು ಕಾಲುಚೀಲ ಹಾಕ್ಕೊಂಡು ಹೊರಟಿದ್ದೆ. ನಕ್ಕಳು, ನಕ್ಕಳು, ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳು. ಆಮೇಲೆ, ‘ಬಣ್ಣದ ಕೆಲಸ ನನಗೆ ಬಿಡಿ, ಬಾಯಿ ಬಿಡಬೇಡಿ’ ಅಂದಳು. ಬಿಡಲಿಲ್ಲ. ಹಲ್ಲಿಲ್ಲದವನನ್ನ ಕಡಲೆ ರುಚಿ ಕೇಳೋಕೆ ಯಾರು ಬರ್ತಾರೆ? ಬಣ್ಣ ಕಾಣದವನ ಹತ್ತಿರ ಫೋಟೋಕ್ಕೂ ಯಾರೂ ಬರ್ತಿರಲಿಲ್ಲ.”

ಹದಿಮೂರು ವರ್ಷ ಹಳೆಯ ಬೀಜ ಮೊಳೆತಾಗ ಆದದ್ದಕ್ಕಿಂತ ದೊಡ್ಡ ಬೆರಗು ಸೊಸೆಗೆ ಆಗ ಆಯಿತು. ಒಬ್ಬರು ಕಾಣದೆ, ಇನ್ನೊಬ್ಬರು ಹೇಳದೆ, ಇಬ್ಬರೂ ಸೇರಿ ಒಂದು ಬೀದಿಯ ಅಷ್ಟೂ ಗೋಡೆಗಳನ್ನು ತುಂಬಿಸಿದ್ದರು. “ಮಗನಿಗೂ ಹೇಳಿಲ್ವಾ?” ಎಂದು ಕೇಳಿದಳು.

“ಅವನು ಕೇಳಲಿಲ್ಲ. ಫೋಟೋ ಅಂದ್ರೆ ಅವನಿಗೆ ಕಣ್ಣು ಮುಚ್ಚಿಕೊಳ್ಳುತ್ತೆ.”

ಅಂದೇ ಅವಳು ಕೆಂಪು ಗಿಡಗಳೆರಡನ್ನೂ ಬುಡಸಮೇತ ಕಿತ್ತು, ಬೀಗದ ಅಂಗಡಿಯವನಿಗೆ ಕೊಟ್ಟಳು. ಅವನು ಅವನ್ನು ಅಂಗಡಿಯ ಮುಂದೆ ನೆಟ್ಟುಕೊಂಡು, ಬಂದವರಿಗೆಲ್ಲ ತಾನೇ ಬೆಳೆದೆ ಎಂದು ಹೇಳಿಕೊಂಡ.

ಮಸುಕಿನ ಹೂ ಒಣಗಿಸುವುದು ಸುಲಭವಾಗಲಿಲ್ಲ. ಮೊದಲ ಕಡ್ಡಿಯನ್ನು ಬಾಲ್ಕನಿಯ ಬಿಸಿಲಿಗೆ ಕಟ್ಟಿದಳು. ವಾರದಲ್ಲಿ ಹುಲ್ಲುಬಣ್ಣಕ್ಕೆ ತಿರುಗಿತು. ಎರಡನೆಯದನ್ನು ಎಲೆ ಸಮೇತ ಅಡುಗೆಮನೆಯಲ್ಲಿ ನೇತುಹಾಕಿದಳು. ಆವಿಗೆ ಬೂಸ್ಟು ಹಿಡಿಯಿತು. ಮಾವ ಎರಡು ಸೋಲನ್ನೂ ನೋಡಿ, “ಅವಳು ಡಾರ್ಕ್‌ರೂಮಿನಲ್ಲೇ ಒಣಗಿಸ್ತಿದ್ದಳು. ಫೋಟೋ ಪಕ್ಕದಲ್ಲಿ ಹೂವು. ನನ್ನ ತಲೆಗೆ ತಾಗೋದು,” ಎಂದರು.

“ಮೊದಲೇ ಹೇಳಬಾರದಿತ್ತಾ?”

“ನೀನು ಬಣ್ಣ ಕೇಳಿದೆ. ಜಾಗ ಕೇಳಲಿಲ್ಲ.”

ಎಲೆ ಸವರಿ, ಮೂರು ಮೂರು ಕಡ್ಡಿ ಕಟ್ಟಿ, ಫೋಟೋದ ಕ್ಲಿಪ್ಪಿಗೆ ತಲೆಕೆಳಗಾಗಿ ಸಿಕ್ಕಿಸಿ, ಫ್ಯಾನು ಹಾಕಿ ಬಿಟ್ಟಳು. ಕೆಳಗೆ ಹಾಸಿದ ಕಾಗದದ ಮೇಲೆ ದಿನವೂ ಒಂದಿಷ್ಟು ಕಪ್ಪು ಬೀಜ ಉದುರಿರುತ್ತಿತ್ತು. ಮೂರು ವಾರಕ್ಕೆ ಕಡ್ಡಿ ಲಟ್ಟೆಂದು ಮುರಿಯುವಷ್ಟು ಒಣಗಿತು. ಹೂವಿನ ಬಣ್ಣ ಒಂದು ಗೆರೆಯಷ್ಟೂ ಕದಲಿರಲಿಲ್ಲ.

ನಲವತ್ತು ವರ್ಷ ತುಂಬಿದ ದಿನ ಗಂಡ ಹೆಂಡತಿ ಬಂದರು; ಟೀಚರಮ್ಮ ಅದೇ ಕುರ್ಚಿಯಲ್ಲಿ ಕೂತರು, ಅಂಚೆಯಣ್ಣ ಪಕ್ಕದಲ್ಲಿ ನಿಂತರು. ಸೊಸೆ ಗುಚ್ಛ ತಂದು ಟೀಚರಮ್ಮನ ಮಡಿಲಲ್ಲಿಟ್ಟಳು.

“ಇದೇನಮ್ಮ, ಈರುಳ್ಳಿ ಸಿಪ್ಪೆ!” ಎಂದರು ಟೀಚರಮ್ಮ.

“ಅಂದ್ರೆ ಹಳದಿ ಅಲ್ಲ,” ಎಂದರು ಅಂಚೆಯಣ್ಣ, ಗೆದ್ದವರಂತೆ.

“ಕೆಂಪೂ ಅಲ್ಲ!”

ಇಬ್ಬರೂ ಬಗ್ಗಿ ಹೂವನ್ನು ನೋಡಿದರು. ಟೀಚರಮ್ಮ ಒಂದು ಮಡಿಕೆಯ ಮೇಲೆ ಬೆರಳಾಡಿಸಿದರು. ಅದು ಮಕಮಲ್ಲಿನಂತೆ ಮೆತ್ತಗಿತ್ತು. “ಒಳಗೆ ಹೀಗೆ ಗುಲಾಬಿ ಥರ ಇತ್ತು ಅಲ್ವೇನ್ರೀ? ನನ್ನ ಉಗುರು ಅದಕ್ಕೆ ಸಿಕ್ಕಿಕೊಂಡಿತ್ತು.”

“ಹೂಂ. ಇತ್ತು ಇತ್ತು. ನಾನು ಆವಾಗಲೇ ಅಂದುಕೊಂಡಿದ್ದೆ.”

ಸೊಸೆ ಲೆನ್ಸು ಸರಿಮಾಡುವಷ್ಟರಲ್ಲಿ ಇಬ್ಬರಿಗೂ ಮೊದಲಿನಿಂದ ಇದೇ ಬಣ್ಣ ನೆನಪಿತ್ತೆಂಬುದು ಖಾತ್ರಿಯಾಗಿ ಹೋಗಿತ್ತು. ಮಾವ ಹಿಂದೆ ನಿಂತು ದೀಪ ಸರಿಸುತ್ತಿದ್ದರು. “ನಗಬೇಡಿ, ಗಂಭೀರವಾಗಿರಿ,” ಎಂದು ನಲವತ್ತು ವರ್ಷದ ಹಿಂದಿನ ಮಾತನ್ನೇ ಹೇಳಿದರು. ಹೊಸ ಫೋಟೋದಲ್ಲಿ ಇಬ್ಬರೂ ನಗುತ್ತಿದ್ದಾರೆ.

ತಾರಸಿಯಲ್ಲಿ ಆ ಹಸಿರು ಗಿಡ ಇನ್ನೂ ಉಳಿದಿತ್ತು. ಚೀಟಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಹೊಳೆಯುವುದೂ ಅಲ್ಲ, ಮಸುಕೂ ಅಲ್ಲ. ಎಲ್ಲಿಂದ ಬಂತು ಎಂದು ಸೊಸೆಗೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಆಗಷ್ಟೇ ಒಡೆದ ಒಂದು ಪಕ್ಕದ ಕುಡಿಗೆ, ದುಂಬಿ ಮುಟ್ಟದಂತೆ ತೆಳು ಬಟ್ಟೆಯ ಚೀಲ ಹೊದಿಸಿ ದಾರ ಕಟ್ಟುತ್ತಿದ್ದಳು. ಮಾವ ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ನಿಂತರು.

“ಅದಕ್ಕೇನು ಮುಸುಕು?”

“ಇದರದ್ದೇ ಬೀಜ ಬೇರೆಯಾಗಿ ಇಟ್ಟು, ಮುಂದಿನ ಬೇಸಿಗೆಗೆ ಹಾಕಿ ನೋಡ್ತೀನಿ ಮಾವ. ಹಸಿರೇ ಬರುತ್ತೋ, ಇನ್ನೇನು ಬರುತ್ತೋ.”

ಮಾವ ಚೀಲದ ಮೇಲಿನಿಂದಲೇ ಹೂವನ್ನು ಮುಟ್ಟಿದರು. “ಈ ಹಸಿರು ಹೆಂಗಿರುತ್ತೆ? ಆ ಮಸುಕಿನದಕ್ಕೂ ಇದಕ್ಕೂ ಏನು ವ್ಯತ್ಯಾಸ, ಹೇಳು ನೋಡೋಣ.”

“ಹಸಿರು ಅಂದ್ರೆ... ಎಲೆ ಥರ ಮಾವ.”

“ಎಲೆ ನನಗೆ ಆ ಮಸುಕಿನದರ ಥರಾನೇ ಕಾಣುತ್ತೆ.”

ಸೊಸೆ ಮತ್ತೆ ಯೋಚಿಸಿದಳು. ಹುಲ್ಲು ಎನ್ನಲು ಹೋದಳು, ಹುಲ್ಲೂ ಎಲೆಯೇ. ದಿನವೂ ಕಾಣುವುದನ್ನು ಕಾಣದವರಿಗೆ ಹೇಳಲು ತನ್ನ ಹತ್ತಿರ ಏನೂ ಇಲ್ಲವಲ್ಲ ಎಂದು ಅವಳಿಗೆ ಸೋಜಿಗವಾಯಿತು.

“ಗೊತ್ತಾಗ್ತಿಲ್ಲ ಮಾವ,” ಎಂದಳು.

“ಪರವಾಗಿಲ್ಲ. ಆತುರ ಏನಿಲ್ಲ, ಯೋಚಿಸಿ ಹೇಳು,” ಎಂದು ಮಾವ ದಾರದ ತುದಿ ಹಿಡಿದುಕೊಂಡರು, ಅವಳು ಗಂಟು ಹಾಕಲಿ ಎಂದು.